ಎಳೆ ಕೂಡುವ ಜಾಗ: ಧಾರವಾಡದಿಂದ ಸಂಡೂರಿನವರೆಗೆ

ಗುರುವಾರ ರಾತ್ರಿ, ರೈಲಿನಲ್ಲಿ

ದಾರವನ್ನು ನೆಚ್ಚಿ ಕೆಲಸ ಮಾಡುವ ಇಂದಿನ ಕಲಾವಿದರು ಎಂದರೆ ನನಗೆ ಮೊದಲು ನೆನಪಾಗುವವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನಲ್ಲಿದ್ದುಕೊಂಡೇ ಜಗತ್ತಿಗೆ ಗೊತ್ತಾದವರು. ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬ ಅವರ ಕೃತಿಗೆ ಬಳಕೆಯಾಗಿರುವುದು ಮನೆಮನೆಯಲ್ಲೂ ಸಿಗುವ ಸಾಮಾನು: ದಾರ, ಸೂಜಿ, ಕುಂಕುಮ, ಅಂಟು. ಉದ್ದುದ್ದ ದಾರವನ್ನು ಸೂಜಿಯ ಕಣ್ಣಿಗೆ ಪೋಣಿಸಿ, ಅಂಥ ಎಳೆಗಳನ್ನೆಲ್ಲ ಒಟ್ಟುಮಾಡಿ, ಕುಂಕುಮ ಕಲಸಿದ ಅಂಟು ಬಳಿದು ಹುರಿ ಮಾಡಿದ್ದಾರೆ. ಆ ಕೆಂಪು ಹುರಿಗಳು ಗೋಡೆಯಿಂದ ನೆಲಕ್ಕೆ ಸುರುಳಿ ಸುರುಳಿಯಾಗಿ ಇಳಿಯುತ್ತವೆ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ನೇತಾಡುತ್ತಿರುತ್ತದೆ. ಅಮೆರಿಕದ ಮಿನಿಯಾಪೊಲಿಸ್‌ನ ವಾಕರ್ ಆರ್ಟ್ ಸೆಂಟರ್‌ನ ಸಂಗ್ರಹದಲ್ಲಿ ಈ ಕೃತಿ ಇದೆ. ‘ಬಿಹೋಲ್ಡ್’ ಎಂಬ ಇನ್ನೊಂದು ಕೃತಿಯಲ್ಲಿ ತಲೆಕೂದಲಿನಿಂದ ಹೊಸೆದ ಸುಮಾರು ನಾಲ್ಕು ಕಿಲೋಮೀಟರ್ ಹಗ್ಗವಿದೆ. ದೃಷ್ಟಿ ತಾಗಬಾರದೆಂದು ನಮ್ಮೂರ ಗಾಡಿಗಳ ಬಂಪರಿಗೆ ಕಟ್ಟುತ್ತಾರಲ್ಲ, ಅದೇ ಕೂದಲ ಹಗ್ಗ.

ಸೂಜಿಗಳನ್ನು ಕಿತ್ತು ತೆಗೆಯದೆ ಹಾಗೇ ಉಳಿಸಿದ್ದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕೆಲಸ ಎಲ್ಲಿ ನಡೆಯಿತೋ ಆ ಜಾಗವನ್ನೇ ತೋರಿಸುವ ಧೈರ್ಯ ಅದು. ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು, ನೇಕಾರರು ಆ ಜಾಗದಲ್ಲಿ ಏನು ಮಾಡುತ್ತಾರೆ? ಎಳೆಗೆ ಎಳೆ, ತುಂಡಿಗೆ ತುಂಡು ಕೂಡುವ ಕಡೆ ಅವರ ಕೈ ಹೇಗೆ ಓಡುತ್ತದೆ? ಅದನ್ನು ಹತ್ತಿರ ಕೂತು ನೋಡಬೇಕೆಂದೇ ಹೊರಟದ್ದು. ಧಾರವಾಡದ ಹೆಣ್ಣುಮಗಳಾದ ನನ್ನ ಅತ್ತಿಗೆ ಜೊತೆಯಾದರು. ಅವರಿಲ್ಲದಿದ್ದರೆ ಅರ್ಧ ಬಾಗಿಲುಗಳು ನನಗೆ ತೆರೆಯುತ್ತಿರಲಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಬುತ್ತಿ ಬಿಚ್ಚಿ, ಮಲಗಿದೆವು.

ಶುಕ್ರವಾರ, ಧಾರವಾಡ

ಕಾಮನಕಟ್ಟಿಯ ಹತ್ತಿರದ ಓಣಿಯಲ್ಲಿ ಅತ್ತಿಗೆಯ ದೂರದ ಸಂಬಂಧಿಯೊಬ್ಬರ ಮನೆ. ಆ ಅಜ್ಜಿ ಕಸೂತಿಗೆ ಕೂತರೆ ಈಗಲೂ ಬೆಳಕು ಹೋಗುವವರೆಗೆ ಏಳುವುದಿಲ್ಲವಂತೆ. ಚಹಾ, ಚುರುಮುರಿ ಮುಗಿದ ಮೇಲೆ ಕಪ್ಪು ಬಟ್ಟೆಯ ತುಂಡೊಂದನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು. ಕೆಂಪು, ಹಳದಿ, ಹಸಿರು ದಾರದ ಗೋಪುರ, ಪಕ್ಕದಲ್ಲಿ ತುಳಸಿ ವೃಂದಾವನ.

“ಇದರಾಗ ಮ್ಯಾಲಿನದು ಯಾವುದು, ಕೆಳಗಿನದು ಯಾವುದು, ಹೇಳ್ರಿ ನೋಡೋಣ.”

ತಿರುಗಿಸಿದೆ, ಮತ್ತೆ ತಿರುಗಿಸಿದೆ. ಎರಡೂ ಬದಿ ಒಂದೇ. ಒಂದು ಗಂಟಿಲ್ಲ, ಜೋತುಬಿದ್ದ ಒಂದು ಎಳೆಯಿಲ್ಲ.

ಕಸೂತಿಯಲ್ಲಿ ಹೊಲಿಗೆ ನಾಲ್ಕು ಬಗೆ: ಗವಂತಿ, ಮುರಗಿ, ನೇಗಿ, ಮೆಂತೆ. ನೇಗಿ ನೋಡುವುದಕ್ಕೆ ನೇಯ್ದಂತೆಯೇ ಕಾಣುತ್ತದೆ, ಮೆಂತೆ ಅಡ್ಡಡ್ಡ ಹೊಲಿಗೆ. ಹಿಂದೆಮುಂದೆ ಒಂದೇ ಆಗಿ ಕಾಣುವ ಗುಣ ಇರುವುದು ಗವಂತಿ, ಮುರಗಿಗಳಿಗೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಅಚ್ಚು ಒತ್ತುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಹೋಗಬೇಕು.

ಅಜ್ಜಿ ಗವಂತಿ ಹಾಕಿ ತೋರಿಸಿದರು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಹೋಗುವಾಗ ಹೊಲಿಗೆ, ಖಾಲಿ, ಹೊಲಿಗೆ, ಖಾಲಿ. ಗೆರೆ ಕೊನೆ ಮುಟ್ಟಿದ ಮೇಲೆ ಸೂಜಿ ತಿರುಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಹೋಗುವಾಗ ಬಿಟ್ಟ ಖಾಲಿಗಳೆಲ್ಲ ಬರುವಾಗ ತುಂಬುತ್ತವೆ. ನೇರ ಗೆರೆಗಾದರೆ ಇದು ಸುಲಭ. ಗೋಪುರಕ್ಕೆ ಕೈಗಳಿವೆ, ಕೊಂಬೆಗಳಿವೆ, ಕಳಸವಿದೆ. ಯಾವ ಕೊಂಬೆಗೆ ಹೋಗುವಾಗ ಹೊಕ್ಕು ಬರಬೇಕು, ಯಾವುದನ್ನು ವಾಪಸ್ ಬರುವಾಗ ಮುಗಿಸಬೇಕು ಎಂಬ ದಾರಿ ಮೊದಲ ಹೊಲಿಗೆಗೂ ಮುಂಚೆಯೇ ತಲೆಯಲ್ಲಿ ಇರಬೇಕು. ಒಂದು ಕವಲು ತಪ್ಪಿದರೆ ಸೂಜಿ ಹೊರಟ ಜಾಗಕ್ಕೆ ಬಂದು ಸೇರುವುದೇ ಇಲ್ಲ. ಇದು ಪೂರಾ ಲೆಕ್ಕದ ಕೆಲಸ. ಇದನ್ನು ‘ಹೆಂಗಸರ ಬಿಡುವಿನ ಹವ್ಯಾಸ’ ಎಂದು ಬರೆಯುವವರು ಒಮ್ಮೆ ಒಂದು ಗೋಪುರ ಹಾಕಿ ನೋಡಲಿ.

“ಗಂಟು ಹಾಕಿದ್ರ ಹಿಂದ ಚುಚ್ಚತದ, ಚೊಲೊ ಕಾಣಂಗಿಲ್ಲ” ಎಂದರು. ಹಾಗಾದರೆ ದಾರ ಶುರುವಾಗುವುದು ಎಲ್ಲಿ? ಬಾಲವನ್ನು ಚೂರು ಬಿಟ್ಟು, ವಾಪಸ್ ಬರುವಾಗ ಅದೇ ಹೊಲಿಗೆಗಳ ಅಡಿಯಲ್ಲಿ ಅದನ್ನು ಸೇರಿಸಿಬಿಡುತ್ತಾರೆ. ಅಜ್ಜಿ ಬೆರಳಿಟ್ಟು ತೋರಿಸಿದ ಮೇಲೂ ಆ ಜಾಗ ನನ್ನ ಕಣ್ಣಿಗೆ ಸಿಗಲಿಲ್ಲ.

ಸಂಜೆ ಪೇಟೆಯ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಕಸೂತಿಯ ಸೀರೆ ನೋಡಿದೆವು. ಮುಂದುಗಡೆ ಅದೇ ಗೋಪುರ, ಅದೇ ತೇರು. ಒಳಬದಿ ತಿರುಗಿಸಿದರೆ ಬಿಳಿ ದಾರದ ಸಿಕ್ಕು, ಹಿಂದೆ ಅಂಟಿಸಿದ ಕಾಗದದಂಥ ಹಾಳೆ. ಕೈಕಸೂತಿ ಎಂದೇ ಹೇಳಿ ಮಾರುತ್ತಿದ್ದರು. ಅತ್ತಿಗೆ ಸೆರಗು ತಿರುಗಿಸಿ ತೋರಿಸಿ, ಏನೂ ಕೊಳ್ಳದೆ ಹೊರಗೆ ಬಂದರು. ಲೈನ್ ಬಜಾರಿನಲ್ಲಿ ಪೇಡೆ ಕಟ್ಟಿಸಿಕೊಂಡೆವು.

ಶನಿವಾರ, ಹಳಿಯಾಳದ ಕಡೆ

ಧಾರವಾಡ ಬಿಟ್ಟು ಪಶ್ಚಿಮಕ್ಕೆ ಹೋದಂತೆ ಕಪ್ಪು ನೆಲ ಕೆಂಪಾಗಿ, ಹತ್ತಿ ಜೋಳದ ಹೊಲ ಹೋಗಿ ತೇಗದ ಕಾಡು ಬರುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಸೀಮೆಯ ಕಾಡಂಚಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ, ಸೈನಿಕರಾಗಿ ಬಂದವರ ಸಂತತಿ ಇವರು. ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರೂ ಅವರಲ್ಲಿದ್ದರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಸಿದ್ದಿಗಳಿದ್ದಾರೆ. ಮೂವರ ಮನೆಯಲ್ಲೂ ಹಳೆಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ, ಕೌದಿ ಇದೆ.

ಬೆಂಗಳೂರಿನ ಕಲಾವಿದೆ ಅನಿತಾ ಎನ್. ರೆಡ್ಡಿ ಬಹಳ ವರ್ಷಗಳಿಂದ ಈ ಹೆಣ್ಣುಮಕ್ಕಳ ಜೊತೆ ಕೂತು ಕೆಲಸ ಮಾಡುತ್ತಿದ್ದಾರೆ. ಅವರಿಗಿಂತ ಮೊದಲು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇಲ್ಲಿಗೆ ಬಂದು ಈ ಕೌದಿಗಳನ್ನು ಹೊರಜಗತ್ತಿಗೆ ತೋರಿಸಿದರು. ಮಕ್ಕಳನ್ನು ಹೊದಿಸಿ ಮಲಗಿಸುತ್ತಿದ್ದ ಕೌದಿ ಗ್ಯಾಲರಿಯ ಗೋಡೆಯೇರಿತು. ನನಗೆ ಇದು ಖುಷಿಯ ಸಂಗತಿಯೇ. ಆದರೆ ಒಂದು ಪ್ರದರ್ಶನದಲ್ಲಿ ಕೌದಿಯ ಪಕ್ಕದ ಚೀಟಿಯಲ್ಲಿ ಬರೀ ‘ಸಿದ್ದಿ ಕೌದಿ’ ಎಂದಿತ್ತು. ಪಕ್ಕದ ಕ್ಯಾನ್ವಾಸಿಗೆ ಹೆಸರಿತ್ತು, ಹುಟ್ಟಿದ ವರ್ಷವಿತ್ತು, ಓದಿದ ಕಾಲೇಜಿತ್ತು. ಅಂದಿನಿಂದ ಈ ಊರಿಗೆ ಬರಬೇಕೆನ್ನುವ ಆಸೆ ಇನ್ನೂ ಗಟ್ಟಿಯಾಗಿತ್ತು.

ನಾವು ಹೋದ ಮನೆಯಲ್ಲಿ ಅಕ್ಕ ಅಂಗಳದಲ್ಲೇ ಕಾಲು ಚಾಚಿ ಕೂತಿದ್ದರು. ಕೆಳಗೆ ಹಳೆಯ ಸೀರೆಯ ಹಾಸು, ಪಕ್ಕದಲ್ಲಿ ಬಟ್ಟೆಯ ಗಂಟು: ಶಾಲೆಯ ಅಂಗಿ, ಲುಂಗಿ, ಮದುವೆ ಸೀರೆಯ ಹರಿದ ಅಂಚು. ಅಳತೆಪಟ್ಟಿಯೂ ಇಲ್ಲ, ಗುಂಡುಸೂಜಿಯೂ ಇಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತ ಹೋಗುತ್ತಾ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಬರುತ್ತಾರೆ. ತುಂಡಿನ ಅಂಚನ್ನು ಹೆಬ್ಬೆರಳಿನಿಂದ ಒಳಗೆ ಮಡಚುವುದು, ಅದರ ಮೇಲೆ ಓಡುಹೊಲಿಗೆ ಹಾಕುವುದು, ಮುಂದಿನ ತುಂಡನ್ನು ಅದರಡಿಗೆ ನುಗ್ಗಿಸುವುದು. ಎರಡು ತುಂಡು ಸೇರುವುದೂ ಮೇಲಿನದು ಕೆಳಗಿನ ಸೀರೆಗೆ ಸೇರುವುದೂ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ನಡುವೆ ಹತ್ತಿಯನ್ನೇನೂ ತುಂಬುವುದಿಲ್ಲ. ಬಟ್ಟೆಯ ಪದರಗಳಿಂದಲೇ ದಪ್ಪ, ಅದರಿಂದಲೇ ಬೆಚ್ಚಗೆ.

ಯಾವ ಬಣ್ಣದ ಪಕ್ಕ ಯಾವುದು ಎಂದು ಹೇಗೆ ಗೊತ್ತುಮಾಡುತ್ತೀರಿ ಎಂದು ಕೇಳಿದೆ. ಅಕ್ಕ ಗಂಟಿನೊಳಗೆ ಕೈ ಹಾಕಿ ಒಂದು ಹಸಿರು ತುಂಡು ತೆಗೆದರು, ಹೊಲಿದ ಕೆಂಪಿನ ಪಕ್ಕ ಇಟ್ಟರು, ತಲೆಯಾಡಿಸಿ ತೆಗೆದರು. ಹಳದಿ ಇಟ್ಟರು. ಅದು ನಿಂತಿತು. ಉತ್ತರ ಅಷ್ಟೇ. ನಡುನಡುವೆ ಪುಟ್ಟ ಪುಟ್ಟ ಚೌಕದ ತುಂಡುಗಳನ್ನು ಅಲಂಕಾರಕ್ಕೆ ಕೂರಿಸಿದ್ದರು. ಪಕ್ಕದ ಮನೆಯಿಂದ ಬಂದಿದ್ದ ಹೆಂಗಸು ಒಳಗಿನಿಂದ ಇನ್ನೂ ಎರಡು ಕೌದಿ ತಂದು ಹರವಿ, ಹೊಲಿಗೆ ನೋಡಿಯೇ ಇದು ಅತ್ತೆಯ ಕೈ, ಇದು ತಂಗಿಯ ಕೈ ಎಂದು ಹೇಳಿದರು. ಅವರಿಗೆ ಚೀಟಿಯ ಅಗತ್ಯವಿರಲಿಲ್ಲ.

ಕೊನೆಗೆ ಬರುವುದು ಮೂಲೆ. ಮಡಚಿದ ಬಟ್ಟೆಯ ತ್ರಿಕೋನಗಳನ್ನು ಪದರದ ಮೇಲೆ ಪದರವಾಗಿ ಕೌದಿಯ ನಾಲ್ಕೂ ಮೂಲೆಗೆ ಹೊಲಿಯುತ್ತಾರೆ. ಅದಕ್ಕೆ ಫೂಲ ಎನ್ನುತ್ತಾರೆ. ಮುಟ್ಟಿದರೆ ಗಟ್ಟಿಯಾಗಿ, ಉಬ್ಬಿಕೊಂಡಿರುತ್ತದೆ. ಹೊದೆದುಕೊಳ್ಳುವುದಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ.

“ಫೂಲ ಇಲ್ದಿದ್ರೆ ಕೌದಿ ಬತ್ತಲೆ ಇದ್ದ ಹಾಗೆ ಅಕ್ಕಾ. ಯಾರಿಗಾದ್ರೂ ಹಾಂಗೆ ಕೊಡೂಕೆ ಆಗ್ತದಾ?”

ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಈ ಮನೆಯ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಕೌದಿ ಹೊಲಿಯಲು ಬರುತ್ತದಾ ಎಂದು ಅತ್ತಿಗೆ ಕೇಳಿದರು. ಬರುತ್ತದೆ, ಆದರೆ ತಾಳ್ಮೆ ಅಮ್ಮನಷ್ಟಿಲ್ಲ ಎಂದಳು. ನಾನೊಂದು ಮಗುವಿನ ಕೌದಿ ಕೊಂಡೆ. ಮೂಲೆಯ ಒಳಬದಿಯಲ್ಲಿ ಹೆಸರು ಹೊಲಿದುಕೊಡಿ ಎಂದು ಕೇಳಿದಾಗ ಅಕ್ಕ ನಕ್ಕರು. ಮಗಳು ಅಕ್ಷರ ಬರೆದುಕೊಟ್ಟಳು, ಅಮ್ಮ ಅದರ ಮೇಲೆ ದಾರ ಓಡಿಸಿದರು.

ಭಾನುವಾರ, ನವಲಗುಂದ, ಗುಳೇದಗುಡ್ಡ

ಹುಬ್ಬಳ್ಳಿಗೆ ಬಂದು ನವಲಗುಂದದ ಬಸ್ ಹಿಡಿದೆವು. ಜಮಖಾನ ನೇಯುವ ಮನೆಗಳು ಈಗ ಕೈಬೆರಳೆಣಿಕೆ. ವಿಜಯಪುರದ ಆದಿಲಶಾಹಿ ಕಾಲದಲ್ಲಿ ಅಲ್ಲಿದ್ದ ನೇಕಾರ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು ಎನ್ನುತ್ತಾರೆ. ನೇಯುವವರು ಮುಸ್ಲಿಂ ಹೆಣ್ಣುಮಕ್ಕಳೇ. ಮಗ್ಗ ಗೋಡೆಗೆ ನೆಟ್ಟಗೆ ನಿಂತಿರುತ್ತದೆ. ಅದರ ಮುಂದೆ ಕೂತು, ಬಣ್ಣಬಣ್ಣದ ಹತ್ತಿ ನೂಲನ್ನು ಕೈಯಿಂದಲೇ ಹೊಗಿಸಿ, ಹಲ್ಲುಗಳಿರುವ ಪಂಜಾದಿಂದ ಕುಟ್ಟಿ ಕೂರಿಸುತ್ತಾರೆ. ಎದುರಿಗೆ ನಕ್ಷೆಯ ಕಾಗದವಿಲ್ಲ. ನವಿಲು, ಪಗಡೆಯ ಹಾಸು ಎಲ್ಲ ತಲೆಯಲ್ಲೇ.

ಆ ಮನೆಯ ಆಪಾ ಹೇಳಿದ್ದು ನನಗೆ ಭಾರವಾಯಿತು. ಹಿಂದೆ ಈ ವಿದ್ಯೆಯನ್ನು ಮಗಳಿಗೆ ಹೇಳಿಕೊಡುತ್ತಿರಲಿಲ್ಲವಂತೆ, ಸೊಸೆಗೆ ಕೊಡುತ್ತಿದ್ದರಂತೆ. ಮಗಳು ಬೇರೆ ಮನೆಗೆ ಹೋಗುವವಳು, ವಿದ್ಯೆಯೂ ಅವಳ ಜೊತೆ ಹೊರಗೆ ಹೋಗುತ್ತದೆ ಎಂಬ ಲೆಕ್ಕ. ಈಗ ಮಗಳಿಗೂ ಸೊಸೆಗೂ ಬೇಡವಾಗಿದೆ. ಒಂದು ಜಮಖಾನ ಮಗ್ಗದಿಂದ ಇಳಿಯುವಷ್ಟರಲ್ಲಿ ಆಗುವ ಭುಜನೋವು, ಅದಕ್ಕೆ ಕೈಗೆ ಬರುವ ಕಾಸು ಎರಡನ್ನೂ ಅವರು ನೋಡಿದ್ದಾರೆ. ಊರಿನ ಹೆಸರಿನ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕಿದೆ, ಅದರ ಹೆಮ್ಮೆಯೂ ಇದೆ. ಕೊಳ್ಳುವವರು ಮನೆ ಬಾಗಿಲಿಗೆ ಬರುವುದು ಮಾತ್ರ ಅಪರೂಪ.

ಅಲ್ಲಿಂದ ಬಾದಾಮಿ ದಾಟಿ ಗುಳೇದಗುಡ್ಡ ಮುಟ್ಟುವಾಗ ಕತ್ತಲಾಗಿತ್ತು. ಖಣದ, ಅಂದರೆ ರವಿಕೆ ಬಟ್ಟೆಯ, ಅಂಗಡಿಯೊಂದು ಮುಚ್ಚುವುದರಲ್ಲಿತ್ತು. ದಾಳಿಂಬೆ ಬಣ್ಣದ್ದೊಂದು, ನೀಲಿಯದೊಂದು ಖಣ ಅಳೆಸಿಕೊಂಡು ಹೊರಟೆವು. ಈ ಊರಿಗೆ ಇನ್ನೊಮ್ಮೆ ಬಿಡುವಾಗಿ ಬರಬೇಕು.

ಸೋಮವಾರ, ಇಳಕಲ್

ಅಮೀನಗಡದಲ್ಲಿ ಕರದಂಟು, ಹುನಗುಂದದಲ್ಲಿ ಬಸ್ ಬದಲು, ಆಮೇಲೆ ಇಳಕಲ್. ಊರೊಳಗೆ ನಡೆದರೆ ಮಗ್ಗದ ಸದ್ದು ಮನೆಗಳಿಂದ ಬರುತ್ತಲೇ ಇರುತ್ತದೆ. ಆದರೆ ಹೆಚ್ಚಿನದು ಪವರ್‌ಲೂಮಿನದು. ಕುಣಿ ಮಗ್ಗದ ಸದ್ದು ಬೇರೆ, ನಡುನಡುವೆ ನಿಲ್ಲುತ್ತದೆ, ಮನುಷ್ಯ ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ.

ನಮ್ಮನ್ನು ಕರೆದ ಕಾಕಾನ ಮಗ್ಗ ನಡುಮನೆಯ ನೆಲದೊಳಗಿನ ಕುಣಿಯಲ್ಲಿತ್ತು. ಕಾಲು ಕುಣಿಯಲ್ಲಿ, ಕೈ ಲಾಳಿಯ ಮೇಲೆ. ಇಳಕಲ್ ಸೀರೆಯ ಗುಟ್ಟು ಇರುವುದು ಅದರ ಹಾಸಿನಲ್ಲಿ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ಎಳೆಗಳಲ್ಲಿ. ಹೆಚ್ಚಿನ ಸೀರೆಗಳಿಗೆ ಉದ್ದಕ್ಕೂ ಒಂದೇ ಹಾಸು. ಇಲ್ಲಿ ಮೈಗೆ ಬೇರೆ, ಸೆರಗಿಗೆ ಬೇರೆ. ಮೈಯ ಹಾಸು ಹತ್ತಿಯದಾದರೂ ಸೆರಗಿನ ಹಾಸು ರೇಷ್ಮೆ, ಇಲ್ಲವೆ ಆರ್ಟ್ ಸಿಲ್ಕ್. ಎರಡನ್ನೂ ಮಗ್ಗದ ಮೇಲೆಯೇ ಕೂಡಿಸಬೇಕು. ಅದಕ್ಕೇ ಪ್ರತಿ ಸೀರೆಗೂ ಹಾಸು ಹೊಸದಾಗಿ ಕಟ್ಟಬೇಕು.

ಕೂಡಿಸುವುದನ್ನು ನೋಡುವ ಭಾಗ್ಯ ನಮಗಿತ್ತು. ಕಾಕಾನ ಹೆಂಡತಿ ಮತ್ತು ಮಗ ಎದುರುಬದುರು ಕೂತಿದ್ದರು. ಮೈಯ ಹಾಸಿನ ಎಳೆಯ ತುದಿಯಲ್ಲಿ ಕುಣಿಕೆ, ಸೆರಗಿನ ಹಾಸಿನ ತುದಿಯಲ್ಲೂ ಕುಣಿಕೆ. ಒಂದರೊಳಗೊಂದು ಹೊಕ್ಕು, ಇಬ್ಬರು ಹುಡುಗಿಯರು ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡ ಹಾಗೆ, ಎರಡೂ ಬಿಗಿಯಾಗುತ್ತವೆ. ಗಂಟು ಇಲ್ಲೂ ಇಲ್ಲ. ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೀಗೇ ಕೂಡಿಸಬೇಕು. ಒಂದು ಎಳೆ ತಪ್ಪಿದರೂ ಸೆರಗಿನಲ್ಲಿ ಸೀಳಿನಂತೆ ಕಾಣುತ್ತದೆ. ಇದನ್ನು ಕೊಂಡಿ ಹಾಕುವುದು ಎನ್ನುತ್ತಾರೆ, ತೋಪ ತೆನಿ ಎಂದೂ ಕರೆಯುತ್ತಾರೆ. ಕೆಂಪು ರೇಷ್ಮೆಯ ನಡುವೆ ಬಿಳಿ ಪಟ್ಟೆಗಳು, ಹಣಿಗೆ, ಕೋಟೆಯ ತೆನೆ, ಜೋಳದ ತೆನೆಯ ವಿನ್ಯಾಸಗಳಿರುವ ತೋಪಿನ ಸೆರಗು ಈ ಕೊಂಡಿಯ ಮೇಲೆಯೇ ನಿಂತಿದೆ.

ಆ ತಾಯಿಯ ಬೆರಳಿನ ತುದಿ ನೋಡಿದೆ. ಎಳೆ ಹೊಸೆದು ಹೊಸೆದು ನುಣುಪಾಗಿ ಹೊಳೆಯುತ್ತಿತ್ತು. ಸೀರೆ ‘ಕಾಕಾ ನೇಯ್ದದ್ದು’ ಎಂದು ಅಂಗಡಿಗೆ ಹೋಗುತ್ತದೆ. ಕೊಂಡಿ ಹಾಕಿದವರ ಲೆಕ್ಕ ಕೂಲಿಯಲ್ಲಿ ಬೇರೆಯಾಗಿ ಬರುವುದಿಲ್ಲ ಎಂದು ಕಾಕಾ ತಾವೇ ಹೇಳಿದರು. “ಆಕೀ ಇಲ್ಲಂದ್ರ ನಾ ಬರೇ ಗುಂಡ್ಯಾಗ ಕುಂತವ ನೋಡ್ರಿ” ಎಂದು ಹೆಂಡತಿಯ ಕಡೆ ಕೈ ತೋರಿಸಿದರು. ಆ ಮಾತಿಗೆ ಆಕೆ ತಲೆ ಎತ್ತಲಿಲ್ಲ, ಎಣಿಕೆ ತಪ್ಪುತ್ತದೆಂದು.

ನಾನು ಹಸಿರು ಮೈಯ, ಗೋಮಿ ಎಂಬ ವಿನ್ಯಾಸದ ದಡಿಯ ಸೀರೆ ತೆಗೆದುಕೊಂಡೆ. ಅವರು ಹೇಳಿದ ಬೆಲೆಯೇ ಕೊಟ್ಟೆ.

ಮಂಗಳವಾರ, ಸಂಡೂರು

ಇಳಕಲ್‌ನಿಂದ ಕುಷ್ಟಗಿ ಮೇಲೆ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಕೊಪ್ಪಳದ ಫಲಕ ಕಂಡಾಗ ಕಿನ್ನಾಳ ನೆನಪಾಯಿತು. ಕಿನ್ನಾಳದ ಗೊಂಬೆ ಮಾಡುವವರು ಮರಕ್ಕೆ ಬಟ್ಟೆಯನ್ನು ಹುಣಸೆಬೀಜದ ಅಂಟಿನಿಂದ ಕೂರಿಸುವ ವಿದ್ಯೆ ಬಲ್ಲವರು. ಬೆಂಗಳೂರಿನಲ್ಲಿ ಹುಟ್ಟಿ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತ ರಂಜನಿ ಶೆಟ್ಟರ್ ಆ ವಿದ್ಯೆಯನ್ನು ತಮ್ಮ ‘ಸೆವೆನ್ ಪಾಂಡ್ಸ್ ಆ್ಯಂಡ್ ಎ ಫ್ಯೂ ರೇನ್‌ಡ್ರಾಪ್ಸ್’ ಕೃತಿಗೆ ತಂದರು. ಬಾಗಿಸಿದ ಉಕ್ಕಿನ ಕಂಬಿಗಳಿಗೆ ಹುಣಸೆಯ ಬಣ್ಣ ಹಿಡಿದ ತೆಳು ಮಲ್ಮಲ್ ಬಟ್ಟೆ ಹೊದಿಸಿ, ಗಾಳಿಯಲ್ಲಿ ತೇಲುವಂತೆ ತೂಗುಹಾಕಿದ ಶಿಲ್ಪ ಅದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2018ರಲ್ಲಿ ಅದನ್ನು ಪ್ರದರ್ಶಿಸಿತು. ಅವರ ಕೃತಿಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಬಟ್ಟೆ ಉಕ್ಕನ್ನು ಮರೆಮಾಡದೆ ಅದರ ಚರ್ಮವೇ ಆಗಿಬಿಡುವ ಬಗೆ. ನಗರದ ಕಲಾವಿದೆ ಹಳ್ಳಿಯ ಕೈಗಳಿಂದ ಕಲಿತು ಅದನ್ನು ಹೇಳಿಕೊಂಡೇ ಮುಂದೆ ಹೋದರೆ ಇಬ್ಬರ ಕೆಲಸವೂ ಬೆಳೆಯುತ್ತದೆ.

ಸಂಡೂರಿನ ಗುಡ್ಡಗಳು ಹಸಿರು, ರಸ್ತೆ ಮಾತ್ರ ಅದಿರಿನ ಧೂಳಿನಿಂದ ಕೆಂಪು. ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಸುತ್ತಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಂದ ಕಸೂತಿ ಮಾಡಿಸುತ್ತಿದೆ. ಸಂಡೂರು ಲಂಬಾಣಿ ಕಸೂತಿಗೆ ಜಿಐ ಇದೆ. ಒಳಗೆ ಚಾಪೆಯ ಮೇಲೆ ಕೂತ ಹೆಂಗಸರು ತಮ್ಮ ಲಂಬಾಣಿ ನುಡಿ ಗೋರ್‌ಬೋಲಿಯಲ್ಲಿ ಮಾತಾಡುತ್ತಾ ಕೈ ಓಡಿಸುತ್ತಿದ್ದರು. ಕಿಲನ್, ವೇಲೆ, ಮಕಿ, ರೇಲೊ, ಜೋಲ್ಯಾ ಎಂದು ಹೊಲಿಗೆಗಳ ಹೆಸರು ಹೇಳಿದರು. ಕನ್ನಡಿ, ಕವಡೆ, ಮಣಿ, ನಾಣ್ಯಗಳನ್ನು ಬಟ್ಟೆಗೆ ಹಿಡಿಸುವುದು ಬೇರೆಯದೇ ಕಸುಬು. ಕನ್ನಡಿಗೆ ತೂತಿಲ್ಲವಲ್ಲ. ಮೊದಲು ಅದರ ಮೇಲೆ ಅಡ್ಡ ಉದ್ದ ದಾರದ ಕಟ್ಟು ಹಾಕಿ, ಆ ಕಟ್ಟನ್ನೇ ಹಿಡಿದು ಸುತ್ತಲೂ ಹೊಲಿಯುತ್ತಾರೆ. ಕೊನೆಗೆ ಕಟ್ಟು ಸುತ್ತಿನ ಹೊಲಿಗೆಯಲ್ಲಿ ಮುಚ್ಚಿಹೋಗಿ ಕನ್ನಡಿ ಮಾತ್ರ ಉಳಿಯುತ್ತದೆ.

ಧಾರವಾಡದ ಅಜ್ಜಿ ದಾರದ ಕೊನೆಯನ್ನು ಅಡಗಿಸಿದ್ದರು, ಇಳಕಲ್‌ನ ತಾಯಿ ಕೊಂಡಿಯನ್ನು ನೇಯ್ಗೆಯೊಳಗೆ ಸೇರಿಸಿದ್ದರು. ಇಲ್ಲಿ ಉಲ್ಟಾ. ಎರಡು ತುಂಡು ಕೂಡುವ ಗೆರೆಯ ಮೇಲೆಯೇ ಎದ್ದು ಕಾಣುವ ಬಣ್ಣದ ದಾರ, ಅದರ ಮೇಲೆ ಕವಡೆ. ಕೂಡಿಸಿದ್ದೇವೆ ನೋಡಿ ಎಂದು ಎದೆಯುಬ್ಬಿಸಿ ಹೇಳುವ ಹೊಲಿಗೆ. ಶೀಲಾ ಗೌಡರ ಸೂಜಿಗೊಂಚಲಿಗೆ ಹತ್ತಿರದ ನೆಂಟತನ ನನಗೆ ಕಂಡದ್ದು ಈ ಚಾಪೆಯ ಮೇಲೆ.

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಇಲ್ಲಿನ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1755 ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅದರಲ್ಲಿ ಕೆಲಸ ಮಾಡಿದ ಒಬ್ಬರು ಮಾತಿಗೆ ಸಿಕ್ಕರು. ತನ್ನ ತುಂಡು ಯಾವ ಸಾಲಿನಲ್ಲಿತ್ತು ಎಂದು ಅವರಿಗೆ ಸರಿಯಾಗಿ ನೆನಪಿತ್ತು. ಮಗಳ ಮೊಬೈಲಿನಲ್ಲಿದ್ದ ಫೋಟೊ ದೊಡ್ಡದು ಮಾಡಿ ತೋರಿಸಿದರು: ನೀಲಿ ನೆಲ, ನಡುವೆ ಎಂಟು ಕನ್ನಡಿ, ಅಂಚಿಗೆ ಬಿಳಿ ಹೊಲಿಗೆ.

ಈ ದಾರಿಯಲ್ಲಿ ಹೋಗುವವರಿಗೆ ಒಂದೆರಡು ಮಾತು. ಸಿದ್ದಿ ಊರುಗಳಿಗೆ ಮಳೆಗಾಲ ಮುಗಿದ ಮೇಲೆ, ಗುರುತಿನವರ ಜೊತೆಗೇ ಹೋಗಿ. ಕೌದಿ ಹೊಲಿಯುವುದು ಹೊಲದ ಕೆಲಸ ಮುಗಿದ ಹೊತ್ತಿನಲ್ಲಿ. ನವಲಗುಂದದಲ್ಲಿ ತಯಾರಾದ ಜಮಖಾನ ಸಿಗದಿದ್ದರೆ ಮುಂಗಡ ಕೊಟ್ಟು ಹೇಳಿಬನ್ನಿ, ಅವಸರ ಮಾಡಬೇಡಿ. ಇಳಕಲ್‌ನಲ್ಲಿ ಸೆರಗು ಮೈಗೆ ಸೇರುವ ಕಡೆ ಬೆರಳಿನಿಂದ ಸವರಿ ನೋಡಿ, ಕೊಂಡಿ ಕೈಗೆ ಹತ್ತುತ್ತದೆ. ಸಂಡೂರಿನಿಂದ ಸಂಜೆಯ ಬಸ್ಸಿಗೆ ಹೊಸಪೇಟೆ ಸೇರಿದರೆ ಹಂಪಿ ಎಕ್ಸ್‌ಪ್ರೆಸ್ ಸಿಗುತ್ತದೆ, ಬೆಳಗ್ಗೆ ಬೆಂಗಳೂರು.